ಕೊನೆಯ ಚಿತ್ರಕ್ಕೆಂದು ಕಟ್ಟಿದ ಗಂಟೆ

“ಮೇಷ್ಟ್ರೇ, ಯಾರೂ ಕೊನೆಯವರೆಗೆ ಬಾರದಿದ್ದರೆ, ಬರೆದದ್ದನ್ನು ಇಟ್ಟುಕೊಳ್ಳಬೇಕೋ, ಅಳಿಸಿಬಿಡಬೇಕೋ?”

ಈ ಒಂದು ಮಾತು ಕೇಳಲು ಸುಮೇಧಾ ಮೂರು ದಿನ ತೆಗೆದುಕೊಂಡಿದ್ದಳು. ಮೊದಲ ಎರಡು ದಿನ ಬಾಯಿಯವರೆಗೆ ಬಂದ ಮಾತು ಹಾಗೇ ಒಳಗೆ ಹೋಗಿತ್ತು.

ಪಾಲಾಕ್ಷಯ್ಯ ಮೇಷ್ಟ್ರು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದವರು. ನಿವೃತ್ತರಾದ ಮೇಲೆ ಮೊಬೈಲಿಗೆ ಆ್ಯಪ್ ಬರೆಯುವುದನ್ನು ತಾವೇ ಕಲಿತು, ಹಿರಿಯೂರಿನಲ್ಲಿ ದಾರ ಗುಂಡಿ ಮಾರುವ ಅಂಗಡಿಯ ಮೇಲಿನ ಕೋಣೆಯಲ್ಲಿ ಏಳು ಮಂದಿಗೆ ಹೇಳಿಕೊಡುತ್ತಿದ್ದರು. ಏಳೂ ಮಂದಿ ಸೇರಿ ಓದುವುದಕ್ಕೆಂದು ಒಂದು ಆ್ಯಪ್ ಮಾಡಿದ್ದರು. ಅದರಲ್ಲಿ ಒಬ್ಬೊಬ್ಬರದೂ ಒಂದೊಂದು ಬರಹ. ಓದುವವರು ಬೆರಳಿನಿಂದ ಮೇಲಕ್ಕೆ ಸರಿಸುತ್ತಾ ಹೋಗಬೇಕು. ಕೊನೆ ಮುಟ್ಟಿದಾಗ ಬರೆದವರ ಪುಟದಲ್ಲಿ ಒಂದು ಸಣ್ಣ ದೀಪ ಹತ್ತಬೇಕು. ಆ ಕೊನೆಯನ್ನು ಗುರುತಿಸುವ ಕೆಲಸವನ್ನು ಅವರವರ ಬರಹಕ್ಕೆ ಅವರವರೇ ಬರೆಯಬೇಕೆಂದು ಮೇಷ್ಟ್ರು ಹೇಳಿದ್ದರು.

ಸುಮೇಧಾ ಅದನ್ನು ಒಂದೇ ಸಾಲಿನಲ್ಲಿ ಬರೆದಿದ್ದಳು. ಪರದೆಯಿಂದ ಮೇಲಕ್ಕೆ ಸರಿದು ಹೋದ ಬರಹದ ಉದ್ದ, ಇಡೀ ಬರಹದ ಉದ್ದಕ್ಕೆ ಸಮವಾದರೆ ದೀಪ ಹತ್ತಲಿ. ಎರಡು ಸಂಖ್ಯೆಗಳನ್ನೂ ಕೈಯಾರೆ ಒಂದೇ ಎಂದು ಕೊಟ್ಟು ಪರೀಕ್ಷಿಸಿದ್ದಳು. ದೀಪ ಹತ್ತಿತ್ತು. ಸಮಾಧಾನವಾಗಿತ್ತು.

ಅವಳ ಬರಹಕ್ಕೆ ಹನ್ನೊಂದು ಭಾಗ. ಮೈಸೂರಿನ ಹಾಸ್ಟೆಲಿನಲ್ಲಿ ಒಂದು ವರ್ಷ ಒಬ್ಬಳೇ ಒಂದು ಮೇಜಿನಲ್ಲಿ ಕೂತು ಊಟ ಮಾಡಿದ್ದರ ಬಗ್ಗೆ. ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಹಾಗಾಗಿ ಕನ್ನಡದಲ್ಲಿ ಬರೆಯುವಾಗ ಯಾರದೋ ಮನೆಯ ಅಡುಗೆಮನೆಗೆ ಕೇಳದೆ ಕಾಲಿಟ್ಟಂತೆ ಅನಿಸುತ್ತಿತ್ತು. ಆದರೂ ಬರೆದಳು. ಹೆಸರು ಹಾಕಲಿಲ್ಲ. ಹನ್ನೊಂದನೆಯ ಭಾಗದಲ್ಲಿ ಬರೆದದ್ದನ್ನು ಅವಳು ಅಮ್ಮನಿಗೂ ಹೇಳಿರಲಿಲ್ಲ.

ಅರವತ್ತಮೂರು ಮಂದಿ ತೆರೆದು ನೋಡಿದರು. ದೀಪ ಒಂದೂ ಹತ್ತಲಿಲ್ಲ.

ಎರಡನೆಯ ವಾರ ಅವಳು ಕೊನೆಯ ಮೂರು ಭಾಗ ತೆಗೆದಳು. ದೀಪ ಹತ್ತಲಿಲ್ಲ. ಮೂರನೆಯ ವಾರ ಇನ್ನೂ ನಾಲ್ಕು ತೆಗೆದಳು. ಜೊತೆಗೆ ಕಲಿಯುತ್ತಿದ್ದ ಇನಾಯತ್‌ನ ಬಿರಿಯಾನಿ ಬರಹಕ್ಕೆ ಅಷ್ಟು ಹೊತ್ತಿಗೆ ಹದಿನೇಳು ದೀಪ ಹತ್ತಿದ್ದವು.

“ಅಲ್ಲ ಸುಮೇಧಾ, ಓದೋರ ಹೆಬ್ಬೆಟ್ಟಿನ ಮೇಲೂ ಸ್ವಲ್ಪ ಕರುಣೆ ಇರಲಿ,” ಎಂದಿದ್ದ ಅವನು. “ಎರಡು ಸಲ ಉಜ್ಜುತ್ತೆ, ಮೂರನೇ ಸಲಕ್ಕೆ ಬೇರೆ ಕಡೆ ಹೋಗಿಬಿಟ್ಟಿರುತ್ತೆ. ಬಿರಿಯಾನಿ ಆದ್ರೆ ಪರವಾಗಿಲ್ಲ, ದಮ್ ಬಿಚ್ಚೋವರೆಗೂ ಕಾಯ್ತಾರೆ.”

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ದಿನವೇ ಮತ್ತೆ ಮೂರು ಭಾಗ ತೆಗೆದಳು. ಉಳಿದದ್ದು ಒಂದು. ಅದು ಪರದೆಯ ಮುಕ್ಕಾಲು ಭಾಗಕ್ಕೇ ಮುಗಿದುಹೋಗುತ್ತಿತ್ತು. ಸರಿಸುವುದಕ್ಕೆ ಏನೂ ಇರಲಿಲ್ಲ. ಅಷ್ಟನ್ನೂ ಯಾರೂ ಓದಿ ಮುಗಿಸಲಿಲ್ಲ ಎಂದು ಅವಳ ಪುಟ ಹೇಳುತ್ತಿತ್ತು.

ಈಗ ಅದನ್ನೂ ಅಳಿಸುವುದಕ್ಕೆ ಬೆರಳು ಸಿದ್ಧವಾಗಿತ್ತು. ಇದೊಂದನ್ನು ಅಳಿಸಿದರೆ ಮತ್ತೆ ಬರೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಳಿಸುವ ಮುಂಚೆ ಯಾರನ್ನಾದರೂ ಕೇಳಬೇಕು ಅನಿಸಿತು. ಕೇಳುವುದಕ್ಕೆ ಮೇಷ್ಟ್ರನ್ನು ಬಿಟ್ಟರೆ ಯಾರೂ ಇರಲಿಲ್ಲ.

ಮೇಷ್ಟ್ರು ಅವಳ ಫೋನನ್ನು ಕೈಗೆ ತೆಗೆದುಕೊಂಡರು. ಅವಳು ಬರೆದ ಸಾಲನ್ನು ಓದಿದರು. ಫೋನನ್ನು ಹಿಂದಕ್ಕೆ ಕೊಟ್ಟರು.

“ಕೂತ್ಕೋಮ್ಮ. ಒಂದು ಕತೆ ಹೇಳ್ತೀನಿ. ಕೇಳಿಸಿಕೊಂಡ ಮೇಲೆ ಅಳಿಸಬೇಕು ಅನಿಸಿದರೆ ಅಳಿಸು,” ಎಂದರು.

ಮೇಷ್ಟ್ರು ಹೇಳಿದ ಕತೆ ಇದು.

ಒಬ್ಬ ಪೆಟ್ಟಿಗೆಯವನಿದ್ದ. ಚಿತ್ರದ ಪೆಟ್ಟಿಗೆ ಹೊತ್ತು ಊರೂರು ತಿರುಗುವುದು ಅವನ ಕೆಲಸ. ಪೆಟ್ಟಿಗೆಗೆ ನಾಲ್ಕು ಕಾಲು, ಮುಂದೆ ಅಂಗೈಯಗಲದ ಒಂದು ಕಿಂಡಿ. ಒಳಗೆ ಮೇಲೊಂದು ಕೋಲು, ಕೆಳಗೊಂದು ಕೋಲು. ಕೆಳಗಿನ ಕೋಲಿಗೆ ಉದ್ದನೆಯ ಕಾಗದದ ಸುರುಳಿ ಸುತ್ತಿರುತ್ತಿತ್ತು. ನೋಡುವವರು ಕರಿ ಬಟ್ಟೆಯೊಳಗೆ ತಲೆ ಹಾಕಿ, ಕಿಂಡಿಗೆ ಕಣ್ಣಿಟ್ಟು, ಪಕ್ಕದ ಹಿಡಿಯನ್ನು ತಾವೇ ತಿರುಗಿಸಬೇಕು. ಕಾಗದ ಕೆಳಗಿನಿಂದ ಮೇಲಕ್ಕೆ ಏರುತ್ತಿತ್ತು. ಒಂದು ಚಿತ್ರ ಹೋಗಿ ಇನ್ನೊಂದು ಬರುತ್ತಿತ್ತು. ಸಾಕೆನಿಸಿ ಹಿಡಿ ಬಿಟ್ಟರೆ, ಕೆಳಗಿನ ಕೋಲಿಗೆ ಕಟ್ಟಿದ ಕಲ್ಲು ದಡ್ಡೆಂದು ಇಳಿದು, ಸುರುಳಿ ತಾನಾಗಿ ಹಿಂದಕ್ಕೆ ಸುತ್ತಿಕೊಂಡು, ಮೊದಲ ಚಿತ್ರವೇ ಮತ್ತೆ ಕಿಂಡಿಗೆ ಬಂದು ನಿಲ್ಲುತ್ತಿತ್ತು. ಹೀಗಾಗಿ ಯಾರು ಎಲ್ಲಿಯವರೆಗೆ ನೋಡಿದರು ಎಂದು ಪೆಟ್ಟಿಗೆ ನೋಡಿ ಹೇಳುವಂತಿರಲಿಲ್ಲ.

ಸುರುಳಿಯಲ್ಲಿ ನಲವತ್ತು ಚಿತ್ರ. ನಲವತ್ತನ್ನೂ ಬರೆದವಳು ಅವನ ಹೆಂಡತಿ. ಬೇರೆಯವರ ಪೆಟ್ಟಿಗೆಯಲ್ಲಿ ದಿಲ್ಲಿ ಇತ್ತು, ಅರಮನೆ ಇತ್ತು, ಆನೆಯ ಮೆರವಣಿಗೆ ಇತ್ತು. ಇವಳು ಬರೆದದ್ದು ಬಾವಿಯ ಹಗ್ಗ, ಗೋಡೆಯ ಮೇಲೆ ಕೂತ ಕೋಳಿ, ಮೊರದಲ್ಲಿ ಅಕ್ಕಿ ಆರಿಸುವ ಕೈ, ಒಣಗಲು ಹಾಕಿ ಮರೆತ ಸೀರೆ.

“ಏನಯ್ಯಾ, ದುಡ್ಡು ಇಸ್ಕೊಂಡು ನಮ್ಮನೆ ಹಿತ್ತಿಲನ್ನೇ ನಮಗೆ ತೋರಿಸ್ತಿದೀಯಲ್ಲ!” ಎಂದು ಜನ ರೇಗಿಸುತ್ತಿದ್ದರು. ಆದರೂ ಬಟ್ಟೆಯೊಳಗೆ ತಲೆ ಹಾಕುತ್ತಿದ್ದರು.

ಹೆಂಡತಿ ಇರುವಷ್ಟು ದಿನ ಅವಳು ಪೆಟ್ಟಿಗೆಯ ಮುಂದೆ ನಿಲ್ಲುತ್ತಿದ್ದಳು, ಅವನು ಹಿಂದೆ. ನೋಡಿದವರು ಬಟ್ಟೆಯಿಂದ ತಲೆ ಹೊರತೆಗೆದಾಗ ಅವರ ಮುಖ ನೋಡಿಯೇ ಹೇಳುತ್ತಿದ್ದಳು, ಇವರು ಕೊನೆ ಮುಟ್ಟಿ ಬಂದಿದ್ದಾರೆ, ಇವರು ಕೋಳಿಯ ಹತ್ತಿರವೇ ಬಿಟ್ಟು ಬಂದಿದ್ದಾರೆ ಎಂದು. ಹೇಗೆ ಗೊತ್ತಾಗುತ್ತದೆ ಎಂದು ಅವನು ಕೇಳಲಿಲ್ಲ. ಕೇಳುವ ಅಗತ್ಯ ಬೀಳುತ್ತದೆ ಎಂದು ಅಂದುಕೊಂಡಿರಲಿಲ್ಲ.

ಅವಳು ಕಾಯಿಲೆ ಬಿದ್ದಳು. ಹೋಗುವ ಮುಂಚೆ ಒಂದು ಮಾತು ಹೇಳಿದಳು. “ಕೊನೆಯ ಚಿತ್ರ ನೋಡಿದವರಿಗೆ ನನ್ನ ಹೆಸರು ಹೇಳು. ಎಲ್ಲರಿಗೂ ಬೇಡ. ಅಲ್ಲಿಯವರೆಗೆ ಬಂದವರಿಗೆ ಸಾಕು.”

ಅವನು ಆಗಲಿ ಎಂದ.

ಅವಳು ಹೋದ ಮೇಲೆ ಅವನು ಕಿಂಡಿಗೆ ಕಣ್ಣಿಡಲಿಲ್ಲ. ಇಡಲು ಆಗಲಿಲ್ಲ. ಪೆಟ್ಟಿಗೆಯ ಹಿಂದೆಯೇ ಬೆನ್ನು ಹಾಕಿ ಕೂರುತ್ತಿದ್ದ. ಕೊನೆಯವರೆಗೆ ಬಂದವರು ಯಾರು ಎಂದು ತಿಳಿಯಬೇಕಲ್ಲ, ಜನರ ಮುಖ ಓದುವುದು ಅವನಿಗೆ ಬರುತ್ತಿರಲಿಲ್ಲ. ಬಾಯಿಬಿಟ್ಟು ಕೇಳೋಣವೆಂದರೆ ನಾಚಿಕೆ. ಎಲ್ಲಿ ನೋಡಿದೆವಪ್ಪ, ಬೇಸರವಾಗಿ ಬಿಟ್ಟೆವು ಎಂದುಬಿಟ್ಟರೆ?

ಅದಕ್ಕೆ ಅವನು ಒಂದು ಉಪಾಯ ಮಾಡಿದ. ಕಿಂಡಿಯ ಮೇಲಂಚಿನಲ್ಲಿ, ಒಳಗಡೆ, ಒಂದು ಪುಟ್ಟ ಗಂಟೆ ಕಟ್ಟಿದ. ಕೊನೆಯ ಚಿತ್ರದ ಕೆಳಗಿನ ಅಂಚಿಗೆ ಒಂದು ಮರದ ಗುಂಡಿ ಹೊಲಿದ. ಕೊನೆಯ ಚಿತ್ರ ಪೂರ್ತಿ ಮೇಲಕ್ಕೆ ಸರಿದು ಹೋಗುವಾಗ ಗುಂಡಿ ಗಂಟೆಗೆ ಬಡಿಯಬೇಕು. ಬಡಿದರೆ ಯಾರೋ ಎಲ್ಲವನ್ನೂ ನೋಡಿದ್ದಾರೆ ಎಂದು ಅರ್ಥ. ಆಗ ಎದ್ದು ಮುಂದೆ ಹೋಗಿ ಅವಳ ಹೆಸರು ಹೇಳುವುದು.

ಹೊರತೆಗೆದ ಸುರುಳಿಯನ್ನು ಮತ್ತೆ ಪೆಟ್ಟಿಗೆಗೆ ಹಾಕುವ ಮುಂಚೆ, ನೆಲದ ಮೇಲೆ ಬಿಚ್ಚಿ, ಗಂಟೆಯ ಕೆಳಗೆ ಕೈಯಿಂದ ಎಳೆದು ನೋಡಿದ. ಕಾಗದವೆಲ್ಲ ದಾಟಿತು. ಗುಂಡಿ ಬಡಿಯಿತು. ಟಣ್ ಎಂದಿತು. ಅವನಿಗೆ ಕಣ್ಣು ತುಂಬಿತು.

ಆಮೇಲೆ, ತಿರುಗಿಸುವಾಗ ಕಾಗದ ಕಿತ್ತುಕೊಂಡು ಬರಬಾರದೆಂದು, ಅದರ ಬಾಲವನ್ನು ಕೆಳಗಿನ ಕೋಲಿಗೆ ಮೊಳೆ ಹೊಡೆದು ಭದ್ರ ಮಾಡಿದ. ಪೆಟ್ಟಿಗೆ ಮುಚ್ಚಿದ. ಊರು ಬಿಟ್ಟು ಹೊರಟ.

ಮೊದಲ ಊರಿನಲ್ಲಿ ಗಂಟೆ ಬಾರಿಸಲಿಲ್ಲ. ಎರಡನೆಯ ಊರಿನಲ್ಲೂ ಬಾರಿಸಲಿಲ್ಲ.

ಅವನು ಬೆನ್ನು ಹಾಕಿ ಕೂತು ಕಿವಿಗೊಡುತ್ತಿದ್ದ. ಹಿಡಿ ಕಿರ್ ಕಿರ್ ಎಂದು ತಿರುಗುತ್ತಿತ್ತು. ಆಮೇಲೆ ನಿಂತುಬಿಡುತ್ತಿತ್ತು. ಬಹಳ ಹೊತ್ತು ಏನೂ ಸದ್ದಿಲ್ಲ. ಮಧ್ಯದಲ್ಲೆಲ್ಲೋ ಬೇಸರವಾಗಿ ತಿರುಗಿಸುವುದನ್ನು ನಿಲ್ಲಿಸಿದ್ದಾರೆ ಎಂದುಕೊಳ್ಳುತ್ತಿದ್ದ. ಕೊನೆಗೆ ಕಲ್ಲು ದಡ್ಡೆಂದು ಇಳಿಯುತ್ತಿತ್ತು. ನೋಡಿದವರು ಬಟ್ಟೆಯಿಂದ ಹೊರಬಂದು ಒಂದು ಮಾತೂ ಆಡದೆ ಹೋಗುತ್ತಿದ್ದರು. ರೇಗಿಸುತ್ತಾ ಒಳಗೆ ತಲೆ ಹಾಕಿದವರೂ ರೇಗಿಸದೆ ಹೋಗುತ್ತಿದ್ದರು. ಅದು ಅವನಿಗೆ ಇನ್ನೂ ಕಷ್ಟವಾಗುತ್ತಿತ್ತು. ಬೈಯುವಷ್ಟೂ ಇಷ್ಟವಾಗಲಿಲ್ಲವಲ್ಲ ಎಂದು.

ಎರಡು ವರ್ಷ ಕಾದ. ನಲವತ್ತು ಹೆಚ್ಚಾಯಿತು ಅನಿಸಿತು. ಒಂದು ಹೊಳೆಯ ದಂಡೆಯಲ್ಲಿ ಕೂತು, ನಡುವಿನ ಹತ್ತು ಚಿತ್ರ ಕತ್ತರಿಸಿ, ಮೈದಾ ಅಂಟಿನಿಂದ ಸುರುಳಿಯನ್ನು ಜೋಡಿಸಿದ. ಕತ್ತರಿಸಿದ್ದನ್ನು ಇಟ್ಟುಕೊಳ್ಳಲು ಮನಸ್ಸಾಗದೆ ಹೊಳೆಗೆ ಬಿಟ್ಟ. ಬಾವಿಯ ಹಗ್ಗ ಹೋಯಿತು.

ಗಂಟೆ ಬಾರಿಸಲಿಲ್ಲ.

ಮತ್ತೆ ಹತ್ತು ಕತ್ತರಿಸಿದ. ಕೋಳಿ ಹೋಯಿತು. ಇನ್ನೂ ಕೆಲವು ವರ್ಷ ಬಿಟ್ಟು ಮತ್ತೆ ಹತ್ತು. ಆಮೇಲೆ ಐದು. ಆಮೇಲೆ ಒಂದೊಂದು. ಪ್ರತಿ ಸಲವೂ ಇಷ್ಟು ಚಿಕ್ಕದಾದರೆ ಯಾರಾದರೂ ಮುಗಿಸುತ್ತಾರೆ ಎಂದುಕೊಳ್ಳುತ್ತಿದ್ದ. ಕೊನೆಯ ಚಿತ್ರವನ್ನು ಮಾತ್ರ ಮುಟ್ಟಲಿಲ್ಲ. ಅದರಲ್ಲಿ ಗುಂಡಿ ಇತ್ತು.

ಅವಳು ಹೋಗಿ ಹತ್ತೊಂಬತ್ತು ವರ್ಷಕ್ಕೆ ಪೆಟ್ಟಿಗೆಯಲ್ಲಿ ಉಳಿದದ್ದು ಆ ಒಂದು ಚಿತ್ರ. ಈಗ ಹಿಡಿ ತಿರುಗುವುದೂ ನಿಂತಿತು. ಮೊದಲೂ ಅದೇ, ಕೊನೆಯೂ ಅದೇ, ತಿರುಗಿಸುವುದೇನನ್ನು? ಕಿರ್ ಎನ್ನುವ ಸದ್ದೂ ಇಲ್ಲ, ಕಲ್ಲು ಇಳಿಯುವ ಸದ್ದೂ ಇಲ್ಲ. ಜನ ಬಂದು ತಲೆ ಹಾಕಿ ನಿಂತು ಹೋಗುತ್ತಿದ್ದರು. ಒಂದೇ ಒಂದು ಚಿತ್ರವನ್ನೂ ಯಾರೂ ಪೂರ್ತಿ ನೋಡುವುದಿಲ್ಲ ಎಂದು ಅವನಿಗೆ ಖಾತ್ರಿಯಾಯಿತು. ಅವಳ ಹೆಸರನ್ನು ಅವನು ಅಷ್ಟು ವರ್ಷ ಯಾರ ಎದುರೂ ಹೇಳಿರಲಿಲ್ಲ. ಕೆಲವೊಮ್ಮೆ ನಡೆಯುತ್ತಾ ಅದನ್ನು ಬಾಯೊಳಗೇ ಹೇಳಿ ನೋಡುತ್ತಿದ್ದ. ಮರೆತುಹೋಗಬಾರದಲ್ಲ.

ಪೆಟ್ಟಿಗೆಯನ್ನು ಒಡೆದು ಒಲೆಗೆ ಹಾಕುವುದೆಂದು ತೀರ್ಮಾನಿಸಿದ. ಮರುದಿನ ಒಡೆಯಬೇಕು. ಆ ದಿನ ಒಂದು ಊರಿನ ಹೊರಗೆ, ನೀರಿನ ತೊಟ್ಟಿಯ ಹತ್ತಿರ ಅದನ್ನು ಇಳಿಸಿ ಕೂತಿದ್ದ.

ಬಿಂದಿಗೆ ಹಿಡಿದ ಒಬ್ಬ ಹೆಂಗಸು ಬಂದಳು. ನಡು ವಯಸ್ಸಿನವಳು. ಪೆಟ್ಟಿಗೆ ನೋಡಿ ಬಿಂದಿಗೆ ಕೆಳಗಿಟ್ಟಳು. ಕೇಳದೆಯೇ ಬಟ್ಟೆಯೊಳಗೆ ತಲೆ ಹಾಕಿದಳು. ಬಹಳ ಹೊತ್ತಾದ ಮೇಲೆ ಹೊರಬಂದು, ಎಲ್ಲರಂತೆ ಹೊರಟುಹೋಗದೆ, ಸೊಂಟಕ್ಕೆ ಕೈಯಿಟ್ಟು ಪೆಟ್ಟಿಗೆಯ ಹಿಂದಕ್ಕೆ ಬಂದಳು.

“ಅಣ್ಣಾ, ಮಿಕ್ಕಿದ್ದೆಲ್ಲ ಏನ್ ಮಾಡ್ದೆ? ನನ್ನ ಕೋಳಿ ಎಲ್ಲಿ?”

“ಯಾವ ಕೋಳಿ?”

“ಗೋಡೆ ಮೇಲೆ ಕೂತಿತ್ತಲ್ಲ. ನಾನು ಮದುವೆಗೆ ಮುಂಚೆ ನೋಡಿದ್ದು, ನಮ್ಮೂರಿಗೆ ಒಬ್ಬನೇ ಬಂದಿದ್ದೆ ನೀನು. ಬಾವಿ ಇತ್ತು, ಸೀರೆ ಇತ್ತು. ಆಮೇಲೆ ಕಟ್ಟಕಡೆಗೆ ಇದು. ಜಗುಲಿ, ಹಾಸಿದ ಚಾಪೆ, ತುಂಬಿದ ಎರಡು ಲೋಟ. ಕೂತೋರು ಯಾರೂ ಇಲ್ಲ.”

ಪೆಟ್ಟಿಗೆಯವನು ಎದ್ದು ನಿಂತ. “ಕೊನೆಯವರೆಗೆ ನೋಡಿದ್ದೆಯಾ ತಾಯಿ? ಗಂಟೆ ಬಾರಿಸಲಿಲ್ಲವಲ್ಲ.”

“ಯಾವ ಗಂಟೆ? ನಾನೇನು ಗಂಟೆ ಕೇಳಕ್ಕೆ ಬಂದಿದ್ನಾ? ಯಾರೋ ಬರ್ತಾರೆ, ಬಂದು ಕೂತ್ಕೋತಾರೆ ಅಂತ ಕೈ ನೋಯೋವರೆಗೂ ಹಿಡಿ ಬಿಡದೆ ನಿಂತಿದ್ದೆ ಕಣಣ್ಣ. ನಾನೊಬ್ಬಳೇ ಅಲ್ಲ, ನಮ್ಮ ಕೇರಿ ಹೆಂಗಸರೆಲ್ಲ ಅಲ್ಲೇ ನಿಂತಿದ್ದು. ಆಮೇಲೆ ಏನು ಮಾತಾಡೋದು? ಸುಮ್ಮನೆ ಮನೆಗೆ ಹೋಗಿ ಲೋಟ ತೊಳೆದಿಟ್ವಿ.”

ಅವನು ಪೆಟ್ಟಿಗೆಯ ಮುಂದಕ್ಕೆ ಬಂದ. ಹತ್ತೊಂಬತ್ತು ವರ್ಷದ ಮೇಲೆ ಬಟ್ಟೆಯೊಳಗೆ ತಲೆ ಹಾಕಿದ. ಜಗುಲಿ ಇತ್ತು. ಚಾಪೆ ಇತ್ತು. ಎರಡು ಲೋಟ ಇದ್ದವು. ಚಿತ್ರದ ಕೆಳಗಿನ ಅಂಚು ಕಿಂಡಿಯ ಕೆಳಗಿನ ಅಂಚಿಗೆ ಕೂಡಿ ನಿಂತಿತ್ತು. ಗುಂಡಿ ಅಲ್ಲಿಯೇ ಇತ್ತು. ಗಂಟೆ ಮೇಲೆ ಇತ್ತು. ನಡುವೆ ಒಂದು ಇಡೀ ಚಿತ್ರದ ಅಂತರ. ಹಿಡಿಯನ್ನು ಬಲವಾಗಿ ತಿರುಗಿಸಿದ. ಮೊಳೆ ಹೊಡೆದ ಕಾಗದ ಜಗ್ಗಿತೇ ಹೊರತು ಏರಲಿಲ್ಲ.

ಆಗ ಅವನಿಗೆ ತಿಳಿಯಿತು. ಮೊದಲಿನ ಚಿತ್ರಗಳು ಮಾತ್ರ ಸರಿದು ಹೋಗುತ್ತವೆ. ಕೊನೆಯದು ಸರಿದು ಹೋಗುವುದಿಲ್ಲ. ಅದು ನೋಡುವವರ ಕಣ್ಣೆದುರು ಬಂದು ನಿಲ್ಲುತ್ತದೆ. ಅದು ನಿಂತ ಕಡೆಯೇ ಕೊನೆ. ಅದನ್ನೂ ದಾಟಿ ಹೋಗಲಿ ಎಂದು ಕಾದ ಗಂಟೆ ಎಂದೂ ಬಾರಿಸುವಂತಿರಲಿಲ್ಲ.

ಅವನು ಬಟ್ಟೆಯಿಂದ ತಲೆ ಹೊರತೆಗೆದ. ಹೆಂಗಸು ಅವನ ಮುಖ ನೋಡಿದಳು.

“ಇದನ್ನು ಬರೆದವಳು,” ಎಂದು ಅವನು ಶುರು ಮಾಡಿದ. ಹೆಸರು ಹೇಳಿದ. ಅವಳು ಆ ಹೆಸರನ್ನು ಒಂದು ಸಲ ತಾನೂ ಹೇಳಿ, ಬಿಂದಿಗೆ ತುಂಬಿಸಿಕೊಂಡು ಹೋದಳು.

ಮೇಷ್ಟ್ರು ಕತೆ ನಿಲ್ಲಿಸಿದರು.

ಕೆಳಗಿನ ಅಂಗಡಿಯಲ್ಲಿ ಯಾರೋ ನೀಲಿ ದಾರದ ಉಂಡೆ ಕೇಳುತ್ತಿದ್ದರು. ಪಕ್ಕದಲ್ಲೇ ಕೂತು ಕತೆ ಕೇಳುತ್ತಿದ್ದ ಇನಾಯತ್ ತನ್ನ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ್ದ.

“ಆ ಹೆಸರು ಏನು ಮೇಷ್ಟ್ರೇ?” ಎಂದು ಅವನೇ ಕೇಳಿದ.

“ಕತೆಯಲ್ಲಿ ಉಳಿದಿಲ್ಲಪ್ಪ,” ಎಂದರು ಮೇಷ್ಟ್ರು.

ಸುಮೇಧಾ ತನ್ನ ಫೋನಿನಲ್ಲಿದ್ದ ಆ ಒಂದು ಸಾಲನ್ನು ನೋಡುತ್ತಿದ್ದಳು. ಸರಿದು ಹೋದ ಉದ್ದ. ಇಡೀ ಉದ್ದ. ಎರಡೇ ಸಂಖ್ಯೆ. ಪರದೆಯ ಎತ್ತರ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಓದುವವರ ಕಣ್ಣೆದುರು ನಿಂತಿರುವ ಅಷ್ಟು ಬರಹವನ್ನು ಅವಳು ಕೂಡಿಸಿಯೇ ಇರಲಿಲ್ಲ. ಹನ್ನೊಂದು ಭಾಗವಿದ್ದಾಗಲೂ ದೀಪ ಹತ್ತುವಂತಿರಲಿಲ್ಲ. ಒಂದೇ ಭಾಗ ಉಳಿದಾಗ, ಯಾರೂ ಸರಿಸದೆ, ಅಳೆಯುವ ಕೆಲಸ ಶುರುವಾಗಲೂ ಇಲ್ಲ. ಅರವತ್ತಮೂರು ಮಂದಿಯಲ್ಲಿ ಎಷ್ಟು ಮಂದಿ ಅಲ್ಲಿಯವರೆಗೆ ಬಂದು ನಿಂತಿದ್ದರೋ, ಇನ್ನು ತಿಳಿಯುವುದಕ್ಕೆ ದಾರಿಯಿರಲಿಲ್ಲ. ಒಬ್ಬರೂ ಬಂದಿರದೆ ಇರಬಹುದು. ಅದೂ ಇರಬಹುದು.

ಸಾಲನ್ನು ತಿದ್ದುವುದು ಒಂದು ನಿಮಿಷದ ಕೆಲಸ. ಅವಳು ತಿದ್ದಲಿಲ್ಲ.

“ಅಷ್ಟು ಜನ ಕೊನೆಯವರೆಗೆ ನೋಡಿದ್ದರಲ್ಲ ಮೇಷ್ಟ್ರೇ,” ಎಂದಳು. ಪೆಟ್ಟಿಗೆಯವನ ಪರವಾಗಿ ಕೇಳುತ್ತಿರುವಂತೆ ಕೇಳಿದಳು. “ಒಬ್ಬರಾದರೂ ಒಂದು ಮಾತು ಆಡಬಹುದಿತ್ತಲ್ಲ?”

ಮೇಷ್ಟ್ರು ಕನ್ನಡಕ ತೆಗೆದು, ಪಂಚೆಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡರು.

“ಹಾಸ್ಟೆಲಿನ ಕೊನೆಯ ದಿನ, ಬಡಿಸುವ ಅಜ್ಜಿ ತನ್ನ ತಟ್ಟೆ ಹಿಡಿದುಕೊಂಡು ಬಂದು ನಿನ್ನ ಎದುರಿನ ಕುರ್ಚಿಯಲ್ಲಿ ಕೂತು ಉಂಡಳಲ್ಲಮ್ಮ, ಅವಳೇನಾದರೂ ಮಾತಾಡಿದ್ದಳಾ?”

ಅದು ಹನ್ನೊಂದನೆಯ ಭಾಗ. ಮೊದಲ ವಾರ ಮಾತ್ರ ಅದು ಸುಮೇಧಾಳ ಬರಹದಲ್ಲಿತ್ತು.